ದೋಣಿಯಲ್ಲಿ ತೇಲಿದ ಪೆಟ್ಟಿಗೆ

ನಮ್ಮ ಕಡೆ ದೋಣಿ ಎಂದರೆ ಎರಡು. ಹೊಳೆಯಲ್ಲಿ ಸಾಗುವುದು ಒಂದು, ಹಿತ್ತಲಲ್ಲಿ ದನಗಳಿಗೆ ನೀರು ತುಂಬಿಡುವ ಕಲ್ಲಿನದು ಇನ್ನೊಂದು. ಕರ್ಜಗಿಯ ನಮ್ಮ ಮನೆಯ ಕಲ್ದೋಣಿಯಲ್ಲಿ ಒಂದು ಭಾನುವಾರ ಮುಂಜಾನೆ ಅಕ್ಕನ ಮಗ ಹಳದಿ ಪ್ಲಾಸ್ಟಿಕ್ ಪೆಟ್ಟಿಗೆಯೊಂದನ್ನು ಇಳಿಬಿಟ್ಟ. ಒಳಗೆ ಚೀಲದಲ್ಲಿ ಎರಡೂವರೆ ಕೆ.ಜಿ. ಜೋಳ, ತಳಕ್ಕೆ ಹಳೆಯ ಪೇಪರಿನ ಹಾಳೆ. ಮುಂದೆ ಅದರಲ್ಲಿ ಕೂರಬೇಕಾದ ಬ್ಯಾಟರಿ ಸೆಲ್ಲುಗಳ ತೂಕವೂ ಹೆಚ್ಚುಕಡಿಮೆ ಅಷ್ಟೇ. ಸೆಲ್ಲು ನೀರುಪಾಲಾಗುವ ಮೊದಲು ಜೋಳವೇ ನೆನೆದು ತೋರಿಸಲಿ ಎಂಬುದು ಅವನ ಲೆಕ್ಕ. ಪೆಟ್ಟಿಗೆ ತೇಲಿತು. ಎರಡೂ ಕೈಯಿಂದ ಅದುಮಿ ಮುಳುಗಿಸಿ ಹಿಡಿದ. ಸ್ವಿಚ್ಚಿನ ಬುಡದಿಂದ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಒಂದೊಂದಾಗಿ ಮೇಲೆದ್ದವು.

"ಇಲ್ಲೇ ಐತ್ ನೋಡ್ರಿ ಮಾಮಾ," ಎಂದು ಬೆರಳಿಟ್ಟು ತೋರಿಸಿದ.

ಆ ತೂತು ಮುಚ್ಚಲು ಎರಡು ಭಾನುವಾರ ಹಿಡಿದವು. ಕೈಯಲ್ಲಿ ಎತ್ತಿಕೊಂಡು ಹೋಗಬಹುದಾದ ಕರೆಂಟಿನ ಪೆಟ್ಟಿಗೆ ನಮ್ಮ ಮನೆಯಲ್ಲಿ ಹುಟ್ಟಿದ್ದು ಹಾಗೆ.

ಹುಡುಗ ಹಾವೇರಿಯಲ್ಲಿ ಐಟಿಐ ಎಲೆಕ್ಟ್ರಿಷಿಯನ್ ಕಲಿತವನು. ಕೆಲಸ ಸಿಕ್ಕಿದ್ದು ಮಾತ್ರ ಗಣೇಶಗುಡಿಯ ಕಡೆ, ಕಾಳಿ ನದಿಯಲ್ಲಿ ಪ್ರವಾಸಿಗರನ್ನು ರ‍್ಯಾಫ್ಟಿನಲ್ಲಿ, ಕಯಾಕಿನಲ್ಲಿ ಕರೆದೊಯ್ಯುವ ಒಂದು ಕ್ಯಾಂಪಿನಲ್ಲಿ. ಕಾಳಿಯ ಆ ಭಾಗಕ್ಕೊಂದು ವಿಶೇಷವಿದೆ. ಮೇಲೆ ಸೂಪಾ ಅಣೆಕಟ್ಟು, ಅದರ ಬುಡದಲ್ಲೇ ಐವತ್ತು ಮೆಗಾವಾಟಿನ ಎರಡು ಯಂತ್ರಗಳ ವಿದ್ಯುದಾಗಾರ. ಯಂತ್ರ ತಿರುಗಿಸಿ ಹೊರಬಂದ ನೀರೇ ಕೆಳಗೆ ಬಿಳಿನೊರೆಯಾಗಿ ಓಡುತ್ತದೆ. ಕರೆಂಟು ತಯಾರಾಗುವ ಹೊತ್ತಷ್ಟೇ ಅಲ್ಲಿ ದೋಣಿ ಓಡುವ ಹೊತ್ತು. ಆದರೂ ಮಳೆಗಾಳಿಗೆ ಮರ ಬಿದ್ದು ತಂತಿ ಹರಿದರೆ ದಂಡೆಯ ಕ್ಯಾಂಪಿಗೆ ಕತ್ತಲೆ. ವಾಕಿಟಾಕಿ, ಹಣೆಗೆ ಕಟ್ಟುವ ದೀಪ, ಫೋನು, ಎಲ್ಲಕ್ಕೂ ಚಾರ್ಜು ಬೇಕು. ಸೀಸದ ಬ್ಯಾಟರಿಯನ್ನು ಕಯಾಕಿಗೆ ಹೇರುವಂತಿಲ್ಲ. ಭಾರದ ಮಾತು ಹಾಗಿರಲಿ, ಕಯಾಕು ಮಗುಚುವುದು ದಿನನಿತ್ಯದ ಸಂಗತಿ, ತಲೆಕೆಳಗಾದ ಬ್ಯಾಟರಿಯಿಂದ ಆಸಿಡ್ ಸೋರಿದರೆ ಕಾಲೇ ಸುಟ್ಟೀತು. ಎರಡು ಸೀಸನ್ ಮುಗಿಸಿ ಊರಿಗೆ ಬಂದಾಗ ಅವನ ತಲೆಯಲ್ಲಿ ಈ ಪೆಟ್ಟಿಗೆ ಕೂತಿತ್ತು.

ಸೀಸದ ಬ್ಯಾಟರಿಯ ಭಾರ ನನಗೆ ಬಾಲ್ಯದಿಂದ ಗೊತ್ತು. 1987ರಲ್ಲಿ ದೂರದರ್ಶನದಲ್ಲಿ ರಾಮಾಯಣ ಶುರುವಾಯಿತಲ್ಲ, ಭಾನುವಾರ ಮುಂಜಾನೆ ಕರೆಂಟು ಕೈಕೊಟ್ಟರೆ ಟ್ರ್ಯಾಕ್ಟರಿನ ಬ್ಯಾಟರಿ ಬಿಚ್ಚಿ ಟಿವಿಗೆ ಕೊಡುತ್ತಿದ್ದೆವು. ಇಬ್ಬರು ಹುಡುಗರು ಎರಡು ಕಡೆ ಹಿಡಿದು ಓಣಿಯುದ್ದಕ್ಕೂ ಅಡ್ಡಗಾಲು ಹಾಕುತ್ತ ತರಬೇಕು. ಒಮ್ಮೆ ನನ್ನ ಅಂಗಿಯ ತುದಿಗೆ ಆಸಿಡ್ ತಾಗಿದ್ದು ಗೊತ್ತೇ ಆಗಲಿಲ್ಲ. ಮರುದಿನ ಅವ್ವ ಒಗೆಯಲು ತೆಗೆದಾಗ ಬಟ್ಟೆ ಜರಡಿಯಾಗಿತ್ತು. ಫ್ರಾನ್ಸಿನ ಗಸ್ಟೋನ್ ಪ್ಲಾಂಟೆ ಸೀಸ ಮತ್ತು ಆಸಿಡ್ಡಿನ ಈ ಬ್ಯಾಟರಿ ಮಾಡಿದ್ದು 1859ರಲ್ಲಿ. ನೂರಾ ಇಪ್ಪತ್ತೆಂಟು ವರ್ಷದ ಮೇಲೂ ಕರ್ಜಗಿಯ ಓಣಿಯಲ್ಲಿ ನಾವು ಹೊರುತ್ತಿದ್ದದ್ದು ಹೆಚ್ಚುಕಡಿಮೆ ಅದನ್ನೇ.

ಆಮೇಲೆ ಮನೆಮನೆಗೆ ಇನ್ವರ್ಟರ್ ಬಂತು, ಕಂದೀಲು ಅಟ್ಟ ಸೇರಿತು. 2019ರ ಆಗಸ್ಟಿನಲ್ಲಿ ವರದಾ ಹೊಳೆ ಏರಿದಾಗ ಇನ್ವರ್ಟರಿನ ಮಿತಿ ತಿಳಿಯಿತು. ಬನವಾಸಿಯನ್ನು ಬಳಸಿ ಬಂದು ಗಳಗನಾಥದಲ್ಲಿ ತುಂಗಭದ್ರೆ ಸೇರುವ ಈ ಹೊಳೆ ನಮಗೆ ಮನೆಮಗಳಿದ್ದಂತೆ. ಆ ವರ್ಷ ಅದರ ಗುರುತೇ ಹತ್ತಲಿಲ್ಲ. ಹೊಳೆದಂಡೆಯ ಊರಿನ ನಮ್ಮ ಬೀಗರ ಮನೆಯಲ್ಲಿ ನೀರು ಪಡಸಾಲೆಗೆ ಬಂದಾಗ ಅಕ್ಕಿ, ಹಾಸಿಗೆ, ಕಾಗದಪತ್ರ ಎಲ್ಲ ಅಟ್ಟಕ್ಕೇರಿದವು. ಐವತ್ತು ಕೆ.ಜಿ. ಮೀರಿದ ಇನ್ವರ್ಟರ್ ಬ್ಯಾಟರಿ ಮಾತ್ರ ನೆಲದಲ್ಲೇ ಉಳಿದು ಮುಳುಗಿತು. ಅವರು ಮೂರು ರಾತ್ರಿ ಕತ್ತಲಲ್ಲಿ ಕಳೆದರು. ಫೋನು ಸತ್ತಿದ್ದರಿಂದ ಅವರು ಅಟ್ಟದ ಮೇಲಿದ್ದಾರೋ ಗಂಜಿ ಕೇಂದ್ರದಲ್ಲಿದ್ದಾರೋ ನಮಗೆ ತಿಳಿಯಲಿಲ್ಲ. ಕರೆಂಟನ್ನು ಹೊತ್ತು ಮೇಲಿಡುವಂತಿರಬೇಕು ಎಂದು ನನಗೆ ಮೊದಲು ಅನ್ನಿಸಿದ್ದು ಆ ಮೂರು ದಿನಗಳಲ್ಲಿ.

ಹೊರುವಂಥ ಬ್ಯಾಟರಿ ಅಷ್ಟರಲ್ಲಿ ನಮ್ಮ ಹೊಲಗಳಿಗೆ ಬಂದೇ ಬಿಟ್ಟಿತ್ತು, ರೈತರ ಬೆನ್ನಿನ ಮೇಲೆ. ಬ್ಯಾಡಗಿ, ರಾಣೆಬೆನ್ನೂರು, ಹಾವೇರಿಯ ಯಾವ ಹೊಲಕ್ಕೆ ಹೋದರೂ ಮೆಣಸಿನಕಾಯಿಗೋ ಹತ್ತಿಗೋ ಔಷಧಿ ಹೊಡೆಯುವ ಹದಿನಾರು ಲೀಟರಿನ ಬ್ಯಾಟರಿ ಪಂಪು ಕಾಣುತ್ತದೆ. ಮೊದಲು ಅದರ ತಳದಲ್ಲಿ ಸಣ್ಣದೊಂದು ಸೀಸದ ಬ್ಯಾಟರಿ ಇರುತ್ತಿತ್ತು, ಎರಡು ಹಂಗಾಮಿಗೆ ಕೂತುಬಿಡುತ್ತಿತ್ತು. ಈಗ ನೀಲಿ ಪ್ಲಾಸ್ಟಿಕ್ಕಿನ ಸುತ್ತುಗಟ್ಟಿನಲ್ಲಿ ನಾಲ್ಕು ಗುಂಡನೆಯ ಸೆಲ್ಲು, ಕೈಬ್ಯಾಟರಿಯ ಶೆಲ್ಲಿಗಿಂತ ಒಂದಿಷ್ಟು ಉದ್ದ. ಊರಿಗೆ ಬಂದ ಮೇಲೆ ಹುಡುಗ ಈ ಪಂಪುಗಳ ರಿಪೇರಿಗೆ ಕೂತ. ಲಿಥಿಯಂ ಸೆಲ್ಲಿನ ಗುಣಾವಗುಣ ಅವನು ಕಲಿತದ್ದು ಅಲ್ಲಿ.

ಈ ಸೆಲ್ಲಿನ ಕುಲ ಹುಡುಕುತ್ತ ಹೋದರೆ ಮೂವರು ಸಿಗುತ್ತಾರೆ. 1970ರ ದಶಕದಲ್ಲಿ ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್, 1980ರಲ್ಲಿ ಆಕ್ಸ್‌ಫರ್ಡಿನಲ್ಲಿದ್ದ ಜಾನ್ ಗುಡ್‌ಇನಫ್, 1985ರಲ್ಲಿ ಜಪಾನಿನ ಅಕಿರಾ ಯೊಶಿನೊ ಒಬ್ಬೊಬ್ಬರು ಒಂದೊಂದು ಮೆಟ್ಟಿಲು ಕಟ್ಟಿದರು. 1991ರಲ್ಲಿ ಸೋನಿ ಅದನ್ನು ಮಾರುಕಟ್ಟೆಗೆ ತಂದಿತು. 2019ರಲ್ಲಿ, ನಮ್ಮ ಹೊಳೆ ಉಕ್ಕಿದ ಅದೇ ವರ್ಷ, ಮೂವರಿಗೂ ರಸಾಯನಶಾಸ್ತ್ರದ ನೊಬೆಲ್ ಬಂತು. ಗುಡ್‌ಇನಫ್ ಅವರಿಗೆ ಆಗ 97 ವರ್ಷ.

ಆದರೆ ಆ ಮೊದಲ ಜಾತಿಯ ಲಿಥಿಯಂ ಸೆಲ್ಲಿಗೆ ಬೆಂಕಿಯ ಭಯವಿತ್ತು. ವಿಪರೀತ ಕಾದರೆ ಒಳಗಿನ ಆಕ್ಸೈಡು ತಾನೇ ಆಮ್ಲಜನಕ ಬಿಡುತ್ತದೆ, ಉರಿಗೆ ಹೊರಗಿನ ಗಾಳಿಯೇ ಬೇಕಾಗುವುದಿಲ್ಲ. ಮನೆಯೊಳಗೆ, ಮಕ್ಕಳು ಮಲಗುವ ಕೋಣೆಯ ಪಕ್ಕ ಇಡಲು ಧೈರ್ಯ ಕೊಟ್ಟದ್ದು ಇನ್ನೊಂದು ಜಾತಿ: ಕಬ್ಬಿಣ, ರಂಜಕ, ಆಮ್ಲಜನಕ ಸೇರಿದ ಲಿಥಿಯಂ ಐರನ್ ಫಾಸ್ಫೇಟ್. ಅದರಲ್ಲಿ ರಂಜಕ ಆಮ್ಲಜನಕವನ್ನು ಬಿಗಿಯಾಗಿ ಹಿಡಿದಿರುತ್ತದೆ, ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಟೆಕ್ಸಾಸ್ ವಿಶ್ವವಿದ್ಯಾಲಯದಿಂದ 1997ರಲ್ಲಿ ಪ್ರಕಟವಾದ ಅದರ ಮೂಲ ಪ್ರಬಂಧದ ಮೇಲೆ ಮೂರು ಹೆಸರುಗಳಿವೆ: ಅಕ್ಷಯ ಪಾಧಿ, ಕೆ.ಎಸ್. ನಂಜುಂಡಸ್ವಾಮಿ, ಜಾನ್ ಗುಡ್‌ಇನಫ್. ನೊಬೆಲ್ ಸುದ್ದಿಯ ಗದ್ದಲದಲ್ಲಿ ಮೊದಲಿನ ಎರಡು ಹೆಸರುಗಳನ್ನು ನಮ್ಮವರು ಇನ್ನಷ್ಟು ಗಟ್ಟಿಯಾಗಿ ಹೇಳಬೇಕಿತ್ತು ಎಂದು ನನ್ನ ಅನಿಸಿಕೆ. ನಂಜುಂಡಸ್ವಾಮಿ ಎಂಬ ಹೆಸರು ಕನ್ನಡದ ಕಿವಿಗೆ ಎಷ್ಟು ಹತ್ತಿರದ್ದು! ನಮ್ಮ ಸ್ಪ್ರೇ ಪಂಪಿನ ಆ ನಾಲ್ಕು ಸೆಲ್ಲು ಈ ಜಾತಿಯವು.

ಇಂಥ ಪೆಟ್ಟಿಗೆಯ ಯೋಚನೆ ಕರ್ನಾಟಕದಲ್ಲಿ ಹೊಸದೂ ಅಲ್ಲ. 2014ರಲ್ಲಿ ಐಬಿಎಂನ ಭಾರತದ ಸಂಶೋಧಕರು ಎಸೆದ ಲ್ಯಾಪ್‌ಟಾಪ್ ಬ್ಯಾಟರಿಗಳನ್ನು ಬಿಚ್ಚಿ, ಜೀವವಿದ್ದ ಸೆಲ್ಲುಗಳನ್ನು ಆರಿಸಿ 'ಉರ್‌ಜಾರ್' ಎಂಬ ಡಬ್ಬಿ ಮಾಡಿದರು. ಒಂದು ಎಲ್‌ಇಡಿ ಬಲ್ಬು, ಒಂದು ಸಣ್ಣ ಫ್ಯಾನು, ಒಂದು ಫೋನ್ ಚಾರ್ಜರ್ ನಡೆಸುವಷ್ಟು ಶಕ್ತಿ. ಬೆಂಗಳೂರಿನಲ್ಲೇ ಬೀದಿ ವ್ಯಾಪಾರಿಗಳಂಥ ಕೆಲವರ ಕೈಗೆ ಕೊಟ್ಟು ನೋಡಿದರು. ಎಸೆದ ಬ್ಯಾಟರಿಗಳ ಮಾದರಿಯಲ್ಲಿ ನೂರಕ್ಕೆ ಎಪ್ಪತ್ತರಷ್ಟು, ದಿನಕ್ಕೆ ನಾಲ್ಕು ತಾಸಿನಂತೆ ವರ್ಷವಿಡೀ ಎಲ್‌ಇಡಿ ದೀಪ ಉರಿಸಲು ಯೋಗ್ಯವಾಗಿದ್ದವಂತೆ. ಕಸದ ಬುಟ್ಟಿ ಸೇರಿದ್ದರಲ್ಲೂ ಅಷ್ಟು ದಮ್ಮು ಉಳಿದಿತ್ತು.

ನಮ್ಮ ಹುಡುಗ ಮೊದಲು ಮಾಡಿದ್ದು ಕಯಾಕಿನ ಸಣ್ಣ ಪೆಟ್ಟಿಗೆ. ಆರು ಆಂಪಿಯರ್-ಅವರ್‌ನ ಹದಿನಾರು ಗುಂಡು ಸೆಲ್ಲು. ನಾಲ್ಕು ನಾಲ್ಕರ ಗುಂಪು ಕಟ್ಟಿ, ಆ ನಾಲ್ಕು ಗುಂಪುಗಳನ್ನು ಸಾಲಾಗಿ ಜೋಡಿಸಿದರೆ 12.8 ವೋಲ್ಟು, 24 ಆಂಪಿಯರ್-ಅವರ್, ಅಂದರೆ ಸುಮಾರು 300 ವಾಟ್-ಅವರ್. ತರಿಸಿದ ಮೊದಲ ಕಂತಿನಲ್ಲೇ ಪೆಟ್ಟು ತಿಂದೆವು. ಸೆಲ್ಲಿನ ಮೇಲೆ 6000 ಎಂದು ಅಚ್ಚಾಗಿತ್ತು. ಪೂರ್ತಿ ತುಂಬಿಸಿ, ಒಂದು ಆಂಪಿಯರಿನಂತೆ ಇಳಿಸುತ್ತ ಗಡಿಯಾರ ನೋಡುತ್ತ ಕೂತರೆ ಆರು ತಾಸು ಬರಬೇಕಾದ ಸೆಲ್ಲು ನಾಲ್ಕೂಕಾಲು ತಾಸಿಗೆ ಕಣ್ಣು ಮುಚ್ಚಿತು. ಹದಿನಾರರಲ್ಲಿ ಹನ್ನೊಂದರ ಗತಿ ಅದೇ. ಮಾರಿದವರು ಫೋನೆತ್ತಲಿಲ್ಲ. ಅಂದಿನಿಂದ ಒಂದೊಂದು ಸೆಲ್ಲನ್ನೂ ಅಳೆದು, ಬಂದ ಅಂಕಿಯನ್ನು ಅದರ ಮೈಮೇಲೇ ಬರೆದಿಡುವುದು ಅವನ ರೂಢಿ.

ಅಳೆಯುವುದು ದುಡ್ಡಿನ ಮೋಸ ಹಿಡಿಯಲಷ್ಟೇ ಅಲ್ಲ. ಸಾಲಾಗಿ ಕಟ್ಟಿದ ಸೆಲ್ಲುಗಳಲ್ಲಿ ಎಲ್ಲಕ್ಕಿಂತ ಬಡಕಲಿನ ದಮ್ಮೇ ಇಡೀ ಸಾಲಿನ ದಮ್ಮು. ಕಾರಹುಣ್ಣಿಮೆಗೆ ಹೆಸರಾದ ಊರು ನಮ್ಮದು. ಜೋಡೆತ್ತಿನಲ್ಲಿ ಒಂದು ಕುಂಟಿದರೆ ಬಂಡಿ ಎಷ್ಟು ದೂರ ಹೋದೀತೆಂದು ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಹೊಂದಿಸಿದ ಮೇಲೂ ಕಾಯಲು ಒಂದು ಸಣ್ಣ ಹಲಗೆ ಬೇಕು, ಬಿಎಂಎಸ್. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು. ಯಾವುದೇ ಒಂದು ಗುಂಪು 3.65 ವೋಲ್ಟು ದಾಟಿದರೆ ಚಾರ್ಜು ನಿಲ್ಲಿಸುತ್ತದೆ, 2.5ಕ್ಕಿಂತ ಕೆಳಗಿಳಿದರೆ ಹೊರಗೆ ಹೋಗುವುದನ್ನು ಕಡಿಯುತ್ತದೆ, ಪ್ಲಸ್ಸು ಮೈನಸ್ಸು ತಾಕಿದರೆ ಕ್ಷಣದಲ್ಲಿ ಬಾಗಿಲು ಹಾಕುತ್ತದೆ. ಪೆಟ್ಟಿಗೆಯ ಪ್ರಾಣ ಇರುವುದು ಸೆಲ್ಲಿನಲ್ಲಿ ಎಂದು ನಾನು ತಿಳಿದಿದ್ದೆ. ಈಗ ಕೇಳಿದರೆ ಈ ಹಲಗೆಯಲ್ಲಿ ಮತ್ತು ಪ್ಲಸ್ ಕಂಬದ ಪಕ್ಕದಲ್ಲೇ ಕೂರಿಸಿದ ಫ್ಯೂಸಿನಲ್ಲಿ ಎನ್ನುತ್ತೇನೆ. ದುಡ್ಡು ಉಳಿಸಲು ಇವೆರಡನ್ನು ಬಿಟ್ಟು ಕಟ್ಟಿದ ಪೆಟ್ಟಿಗೆಯನ್ನು ಯಾರ ಮನೆಯಲ್ಲೂ ಇಡಬಾರದು.

ಮನೆಯ ದೊಡ್ಡ ಪೆಟ್ಟಿಗೆ ಕಟ್ಟಿದ ದಿನ ನಾನು ಹತ್ತಿರವೇ ಕೂತಿದ್ದೆ. ನೂರು ಆಂಪಿಯರ್-ಅವರ್‌ನ ನಾಲ್ಕು ಚೌಕ ಸೆಲ್ಲು, ಒಂದೊಂದೂ ಎರಡು ಕೆ.ಜಿ. ಆಸುಪಾಸು, ಒಟ್ಟು 1280 ವಾಟ್-ಅವರ್. ಕೈಯ ಉಂಗುರ, ಕೊರಳ ದಾರದ ತಾಯಿತ ತೆಗೆದು ಅವ್ವನ ಕೈಗೆ ಕೊಟ್ಟ. ಪಾನಾಕ್ಕೆ ಹಳೆಯ ಸೈಕಲ್ ಟ್ಯೂಬು ಸುತ್ತಿ, ನಟ್ಟಿಗೆ ಕೂರುವ ಬಾಯಷ್ಟನ್ನೇ ಬರಿದಾಗಿ ಬಿಟ್ಟಿದ್ದ. ಕೈಜಾರಿ ಬರಿ ಕಬ್ಬಿಣ ಎರಡು ಕಂಬಗಳ ಮೇಲೆ ಅಡ್ಡ ಬಿದ್ದರೆ ಪಾನಾ ಅಲ್ಲೇ ಬೆಸೆದುಕೊಂಡೀತು, ಕೈ ಸುಟ್ಟೀತು. ಒಂದು ನಟ್ಟು ಬಿಗಿಯುವಾಗ ಉಸಿರು ಬಿಗಿಹಿಡಿಯುವನು, ಮುಗಿದಾಗ ಬಿಡುವನು. ಹೀಗೆ ಎಂಟು ಸಲ. ನಡುವೆ ಯಾರೂ ಮಾತಾಡಲಿಲ್ಲ.

ಎರಡು ಪೆಟ್ಟಿಗೆಗೂ ಒಂದು ಮುಖ್ಯ ವ್ಯತ್ಯಾಸವಿದೆ. ಕಯಾಕಿನದರಲ್ಲಿ ಇನ್ವರ್ಟರ್ ಇಲ್ಲ. 230 ವೋಲ್ಟು ಹೊಳೆಗಿಳಿಯಬಾರದು ಎಂದು ಅವನು ಮೊದಲೇ ತೀರ್ಮಾನಿಸಿದ್ದ. ಅದೂ ಅಲ್ಲದೆ ಇನ್ವರ್ಟರಿಗೆ ತಂಪು ಗಾಳಿ ಆಡಬೇಕು, ನೀರು ಹೋಗದ ಪೆಟ್ಟಿಗೆಗೆ ಗಾಳಿಯೂ ಹೋಗುವುದಿಲ್ಲ. ಆದ್ದರಿಂದ ದೋಣಿಯದರಲ್ಲಿ 12 ವೋಲ್ಟಿನ ಸಾಕೆಟ್ಟು ಮತ್ತು ಫೋನಿನ ಯುಎಸ್‌ಬಿ, ಎರಡಕ್ಕೂ ರಬ್ಬರ್ ಮುಚ್ಚಳ, ಅಷ್ಟೇ. ಮನೆಯದಕ್ಕೆ ಬದಿಯಲ್ಲಿ ಜಾಳಿಗೆ, ಫ್ಯಾನು, ಒಳಗೆ ಇನ್ವರ್ಟರ್. ಎಲ್ಲ ಸೇರಿ ಹದಿನಾಲ್ಕು ಕೆ.ಜಿ., ತುಂಬಿದ ಕೊಡದ ಭಾರ. ಅವ್ವ ಎತ್ತಿ ನೋಡಿ ಸೊಂಟಕ್ಕಿಟ್ಟುಕೊಂಡಳು.

ನೋಡಲು ಬಂದವರ ಮೊದಲ ಪ್ರಶ್ನೆ ಒಂದೇ: "ಬೋರಿನ ಮೋಟಾರ್ ನಡಿತದೇನು?" ನಡೆಯುವುದಿಲ್ಲ. ಐದು ಎಚ್‌ಪಿ ಮೋಟಾರು ಎಂದರೆ 3700 ವಾಟು, ಮೇಲಾಗಿ ತ್ರೀ ಫೇಸು. ಮೂರು ಎಲ್‌ಇಡಿ ಬಲ್ಬು, ಕಡಿಮೆ ಕರೆಂಟು ತಿನ್ನುವ ಬಿಎಲ್‌ಡಿಸಿ ಫ್ಯಾನು ಒಂದು, ವೈಫೈ ಡಬ್ಬಿ ಸೇರಿ ಎಪ್ಪತ್ತು ವಾಟಿನ ಒಳಗೆ. ಇಷ್ಟನ್ನು ಸಂಜೆಯಿಂದ ಬೆಳಗಿನವರೆಗೆ ನಿರಾತಂಕವಾಗಿ ನಡೆಸುತ್ತದೆ. ಹಳೆಯ ಫ್ಯಾನು ಒಂದೇ 75 ವಾಟು ಎಳೆಯುತ್ತದೆ, ಅದನ್ನು ಹಚ್ಚಿದರೆ ಹತ್ತು ತಾಸಿನ ಸನಿಹಕ್ಕೆ ಕೈಯೆತ್ತುತ್ತದೆ. ಪೆಟ್ಟಿಗೆ ದೊಡ್ಡದು ಮಾಡುವುದಕ್ಕಿಂತ ಫ್ಯಾನು ಬದಲಿಸುವುದು ಅಗ್ಗ ಎಂದು ಅವನು ಬಂದವರಿಗೆಲ್ಲ ಹೇಳುತ್ತಾನೆ. ಮಾಳಿಗೆಯ ಮೇಲೆ ನೂರು ವಾಟಿನ ಸೋಲಾರ್ ಹಲಗೆಯೂ ಇದೆ. ಚೈತ್ರದ ಬಿಸಿಲಿಗೆ ಚೆನ್ನಾಗಿ ತುಂಬಿಸುತ್ತದೆ. ಆಷಾಢದ ಮೋಡಕ್ಕೆ, ಅಂದರೆ ಕರೆಂಟು ಹೆಚ್ಚು ಹೋಗುವ ಕಾಲಕ್ಕೇ, ಅದನ್ನು ನೆಚ್ಚುವಂತಿಲ್ಲ. ಮೋಡ ಕಟ್ಟಿದರೆ ಲೈನಿನಿಂದಲೇ ತುಂಬಿಸಿಡಬೇಕು.

ನನಗಿರುವ ದೊಡ್ಡ ಚಿಂತೆ ಬೇರೆ. ಸೀಸದ ಬ್ಯಾಟರಿ ಸತ್ತರೆ ಮೋಡ್ಕಾದವನು ಮನೆ ಬಾಗಿಲಿಗೆ ಬಂದು ಕೆ.ಜಿ. ಲೆಕ್ಕದಲ್ಲಿ ದುಡ್ಡು ಎಣಿಸಿ ಒಯ್ಯುತ್ತಾನೆ. ಮೋಸ ಹೋದ ಆ ಹನ್ನೊಂದು ಲಿಥಿಯಂ ಸೆಲ್ಲುಗಳನ್ನು ತೋರಿಸಿದರೆ ಕೈಯಲ್ಲಿ ಹಿಡಿದು ನೋಡಿ ವಾಪಸು ಕೊಟ್ಟ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯದನ್ನು ವಾಪಸು ಪಡೆಯುವ ಹೊಣೆ ತಯಾರಕರದು. ಆ ಹೊಣೆ ಹಳ್ಳಿಯ ಮೋಡ್ಕಾ ಗಾಡಿಯವರೆಗೆ ಇಳಿದು ಬರಬೇಕು. ನಮ್ಮದೇ ಮಂಡ್ಯ ಜಿಲ್ಲೆಯ ಮರಳಗಾಲದಲ್ಲಿ ಲಿಥಿಯಂ ನಿಕ್ಷೇಪ ಸಿಕ್ಕಾಗ ಎಲ್ಲರೂ ಸಂಭ್ರಮಿಸಿದೆವು. ಅಂದಾಜು ಕೊನೆಗೆ 1600 ಟನ್ನಿಗೆ ನಿಂತಿತು. ಒಮ್ಮೆ ಅಗೆದು ತಂದದ್ದನ್ನು ಮತ್ತೆ ಮತ್ತೆ ಬಳಸದೆ ಬೇರೆ ದಾರಿಯಿಲ್ಲ. ಆ ಹನ್ನೊಂದು ಸೆಲ್ಲು ಇನ್ನೂ ನಮ್ಮ ಅಟ್ಟದ ಮೇಲೆ, ಕಂಬಗಳಿಗೆ ಟೇಪು ಸುತ್ತಿಸಿಕೊಂಡು, ಕಂದೀಲಿನ ಪಕ್ಕ ಕೂತಿವೆ.

ಹೋದ ಮಳೆಗಾಲದಲ್ಲಿ ಒಂದು ರಾತ್ರಿ ಗಾಳಿಮಳೆಗೆ ಕರೆಂಟು ಹೋಗಿ ಎರಡು ತಾಸಾಗಿತ್ತು. ಪಕ್ಕದ ಮನೆಯ ಸೊಸೆ ಉಬ್ಬಸದ ಕೂಸನ್ನು ಎತ್ತಿಕೊಂಡು ಬಂದಳು, ಇನ್ನೊಂದು ಕೈಯಲ್ಲಿ ನೆಬ್ಯುಲೈಸರ್. ಅದು ಎಳೆಯುವುದು ನೂರಿಪ್ಪತ್ತು ವಾಟು, ಹತ್ತು ನಿಮಿಷಕ್ಕೆ ಇಪ್ಪತ್ತು ವಾಟ್-ಅವರ್. ಪೆಟ್ಟಿಗೆಯ ಲೆಕ್ಕದಲ್ಲಿ ತೀರ ಅಲ್ಪ. ಕೂಸಿನ ಎದೆಯ ಸೀಟಿ ನಿಧಾನಕ್ಕೆ ಇಳಿಯುವುದನ್ನು ನಾವೆಲ್ಲ ಕೂತು ಕೇಳಿದೆವು.

ಪೆಟ್ಟಿಗೆಯ ಮುಚ್ಚಳದ ಒಳಗೆ ಹುಡುಗ ದಪ್ಪ ಅಕ್ಷರದಲ್ಲಿ ಬರೆದ ಹಾಳೆಯೊಂದನ್ನು ಅಂಟಿಸಿದ್ದಾನೆ. ಬಲ್ಬು, ಫ್ಯಾನು: ರಾತ್ರಿ ಪೂರ್ತಿ. ಮಿಕ್ಸಿ: ಚಟ್ನಿ ರುಬ್ಬುವಷ್ಟು. ಗೀಸರ್, ಇಸ್ತ್ರಿ ಪೆಟ್ಟಿಗೆ: ಹಚ್ಚಬಾರದು. ಮರುದಿನ ಮುಂಜಾನೆ ಅವ್ವ ಅವನನ್ನು ಕರೆದು ಪೆನ್ನು ಕೊಟ್ಟಳು. "ಎಲ್ಲಾಕ್ಕಿಂತ ಮ್ಯಾಲ ಬರಿ," ಎಂದಳು, "ಮೊದಲ ಕೂಸಿನ ಮಷಿನ್."