ಸ್ತ್ರೀಕಂಠದ ಪ್ರಭೇದಗಳು ಮತ್ತು ತಾರಸ್ಥಾಯಿ

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತವು ಸ್ತ್ರೀಕಂಠವನ್ನು ಸೊಪ್ರಾನೊ, ಮೆಝೊ-ಸೊಪ್ರಾನೊ, ಕಾಂಟ್ರಾಲ್ಟೊ ಎಂದು ಮೂರು ಮುಖ್ಯ ಪ್ರಭೇದಗಳಾಗಿ ವಿಂಗಡಿಸುತ್ತದೆ. ಸೊಪ್ರಾನೊದ ವ್ಯಾಪ್ತಿ ಸ್ಥೂಲವಾಗಿ 262ರಿಂದ 1047 ಹರ್ಟ್ಸ್; ಕಾಂಟ್ರಾಲ್ಟೊದ್ದು 175ರಿಂದ 698. ಆದರೆ ಮುಟ್ಟಬಲ್ಲ ತುತ್ತತುದಿಯ ಸ್ವರವೊಂದೇ ಪ್ರಭೇದವನ್ನು ನಿರ್ಣಯಿಸಲಾರದು. ಕಂಠವು ಆಯಾಸವಿಲ್ಲದೆ ನೆಲೆಸುವ ಎಡೆ, ನಾದದ ಬಣ್ಣ, ಕೆಳಗಿನ ದನಿ ಮೇಲಿನ ದನಿಗೆ ಹೊರಳುವ ಸ್ಥಾನ, ಇವೇ ಮುಖ್ಯ.

1791ರಲ್ಲಿ ಮೊಜಾರ್ಟ್ ತನ್ನ 'ಮ್ಯಾಜಿಕ್ ಫ್ಲೂಟ್' ಒಪೆರಾದಲ್ಲಿ ರಾತ್ರಿಯ ರಾಣಿಯ ಪಾತ್ರಕ್ಕೆ ಇಂದಿನ ಲೆಕ್ಕದಲ್ಲಿ ಸುಮಾರು 1397 ಹರ್ಟ್ಸ್‌ನ ಸ್ವರವನ್ನು ಬರೆದನು. ಅದನ್ನು ಮೊದಲು ಹಾಡಿದವಳು ಅವನ ಹೆಂಡತಿಯ ಅಕ್ಕ ಯೋಸೆಫಾ ಹೋಫರ್. ಆ ಎತ್ತರದಲ್ಲಿ ಪದಗಳು ಕೇಳಿಸುವುದಿಲ್ಲ. ಇದು ಗಾಯಕಿಯ ಉಚ್ಚಾರದೋಷವಲ್ಲ. 'ಈ', 'ಊ'ಗಳನ್ನು ಗುರುತಿಸಲು ಕಿವಿಗೆ ನೆರವಾಗುವ ಮೊದಲ ಅನುರಣನ ಸ್ತ್ರೀಯರಲ್ಲಿ 300–400 ಹರ್ಟ್ಸ್‌ನ ಆಸುಪಾಸಿನಲ್ಲಿರುತ್ತದೆ. 'ಆ'ಕಾರದ್ದು 800ನ್ನು ಮೀರುತ್ತದೆ. ಹಾಡುವ ಸ್ವರವೇ ಅನುರಣನಕ್ಕಿಂತ ಮೇಲೇರಿದಾಗ ಗಾಯಕಿ ದವಡೆಯನ್ನು ತೆರೆದು ಅನುರಣನವನ್ನು ಸ್ವರದೆಡೆಗೆ ಎತ್ತುತ್ತಾಳೆ. ನಾದ ತುಂಬಿಬರುತ್ತದೆ, ಅಕ್ಷರ ಕರಗುತ್ತದೆ. ಸ್ವೀಡನ್ನಿನ ಯೋಹಾನ್ ಸುಂಡ್‌ಬೆರ್ಗ್ 1970ರ ದಶಕದಲ್ಲಿ ಇದನ್ನು ಅಳೆದು ತೋರಿಸಿದರು.

ಸಾಹಿತ್ಯಪ್ರಧಾನವಾದ ಕರ್ನಾಟಕ ಸಂಗೀತದ ಮಟ್ಟಿಗೆ ಈ ವಿಚಾರ ಅಲಕ್ಷ್ಯಕ್ಕೆ ಅರ್ಹವಲ್ಲ. ಐದು ಮನೆ ಶ್ರುತಿಯಲ್ಲಿ ಹಾಡುವ ಗಾಯಕಿಯ ಆಧಾರಷಡ್ಜ 196 ಹರ್ಟ್ಸ್. ಮಂದ್ರ ಪಂಚಮ 147, ತಾರ ಪಂಚಮ 587. ಅಂದರೆ ನಾವು 'ಎತ್ತರ' ಎಂದು ಮೆಚ್ಚುವ ಸಂಚಾರ ಕಾಂಟ್ರಾಲ್ಟೊದ ಮೇಲಿನ ಎಲ್ಲೆಯನ್ನೂ ದಾಟುವುದಿಲ್ಲ. ಹಾಗೆಂದು ನಮ್ಮ ಗಾಯಕಿಯರೆಲ್ಲ ಹುಟ್ಟಿನಿಂದ ಕಾಂಟ್ರಾಲ್ಟೊಗಳೆನ್ನುವಂತಿಲ್ಲ. ಅಲ್ಲಿ ಕೃತಿಯ ಸ್ಥಾಯಿ ನಿಶ್ಚಿತ, ಅದಕ್ಕೆ ತಕ್ಕ ಕಂಠವನ್ನು ಆರಿಸುತ್ತಾರೆ. ಇಲ್ಲಿ ಕಂಠಕ್ಕೆ ತಕ್ಕ ಶ್ರುತಿಯನ್ನು ಆರಿಸುತ್ತೇವೆ. ತಾರ ಪಂಚಮದಲ್ಲಿಯೂ 'ಆ'ಕಾರ ಕೆಡದೆ ಉಳಿಯುತ್ತದೆ, 'ಈ'ಕಾರವೋ ಅಲ್ಲಿಯೇ ಮಾಸತೊಡಗುತ್ತದೆ. ಶಿಷ್ಯೆಯ ಶ್ರುತಿಯನ್ನು ಅರ್ಧ ಮನೆ ಏರಿಸುವ ಮುನ್ನ ಗುರುಗಳು ಇದನ್ನು ಎಣಿಕೆಗೆ ತಂದುಕೊಳ್ಳಬೇಕು.

ಏರುಶ್ರುತಿಯೇ ಸ್ತ್ರೀಕಂಠದ ಲಕ್ಷಣವೆಂಬ ನಂಬಿಕೆಗೆ ಪ್ರಬಲ ಅಪವಾದ ಹಿಂದೂಸ್ತಾನಿ ಪದ್ಧತಿಯ ಗಂಗೂಬಾಯಿ ಹಾನಗಲ್ (1913–2009). ಅವರ ಆರಂಭದ ಧ್ವನಿಮುದ್ರಿಕೆಗಳಲ್ಲಿ ಕೇಳುವುದು ತೆಳುವಾದ, ಎತ್ತರದ ದನಿ. ಗಂಟಲಿನ ಚಿಕಿತ್ಸೆಯ ತರುವಾಯ ಅದು ತಗ್ಗಿ, ಘನವಾಯಿತು. 'ಗಂಡುದನಿ' ಎಂದವರುಂಟು, ಆ ಮಾತು ಕೇಳುಗರ ರೂಢಿಯನ್ನು ಹೇಳುತ್ತದೆಯೇ ಹೊರತು ಕಂಠವನ್ನಲ್ಲ. ಇಳಿದ ದನಿಯನ್ನು ಮೇಲೆಳೆಯಲು ಹೆಣಗದೆ, ಕಿರಾಣಾ ಘರಾಣೆಯ ವಿಲಂಬಿತ ಆಲಾಪಕ್ಕೆ ಅವರು ಅದನ್ನೇ ದುಡಿಸಿಕೊಂಡರು.