72 ಕಿಲೋ ಭಾರ, 10 ಗ್ರಾಂ ಅರಿವು

ದಸರೆಗೆ ಮುಂಚೆ ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಿಂದ ಗಜಪಯಣ ಹೊರಡುತ್ತದೆ. ಆನೆಗಳು ಮೈಸೂರು ತಲುಪುತ್ತಿದ್ದಂತೆ ಲಾರಿ ತೂಗುವ ವೇ ಬ್ರಿಡ್ಜ್ ಮೇಲೆ ಒಂದೊಂದನ್ನೂ ನಿಲ್ಲಿಸಿ ತೂಗುತ್ತಾರೆ. ಮಾರನೆಯ ದಿನ ಪೇಪರಿನಲ್ಲಿ ಪಟ್ಟಿ: ಅಭಿಮನ್ಯು 5 ಟನ್ ದಾಟಿದ, ಹೋದ ವರ್ಷಕ್ಕಿಂತ ಇಷ್ಟು ಹೆಚ್ಚು, ಇಷ್ಟು ಕಮ್ಮಿ. 750 ಕಿಲೋ ಅಂಬಾರಿ ಹೊರುವವನ ತೂಕ ಊರಿಗೆಲ್ಲ ಬಾಯಿಪಾಠ. ಅವನನ್ನು ನೋಡಲು ಹೋದವರ ಪಾದ ದಿನಕ್ಕೆ ಎಷ್ಟು ಹೊರುತ್ತದೆ ಅಂತ ಮಾತ್ರ ಯಾರೂ ತೂಗುವುದಿಲ್ಲ.

ಲೆಕ್ಕ ಕಷ್ಟದ್ದೇನಲ್ಲ. ಪಿರಿಯಾಪಟ್ಟಣದ ಹೊಗೆಸೊಪ್ಪಿನ ಹೊಲದಲ್ಲಿ ದುಡಿಯುವ, 60 ಕಿಲೋ ತೂಗುವ ಹೆಂಗಸೊಬ್ಬಳು ಅಂತ ಇಟ್ಟುಕೊಳ್ಳಿ. ನಡೆಯುವಾಗ ಊರಿದ ಪಾದದ ಮೇಲೆ ಬೀಳುವ ಬಲ ಮೈತೂಕದ ಸುಮಾರು 1.2 ಪಟ್ಟು, ಅಂದರೆ 72 ಕಿಲೋ. ದಿನಕ್ಕೆ 6,000 ಹೆಜ್ಜೆ ಅಂದರೂ (ನಾಟಿಯ ಕಾಲದಲ್ಲಿ ಇದು ಕಮ್ಮಿಯೇ ಇರಬೇಕು) 432 ಟನ್ ಆಯಿತು. ಹತ್ತಿರ ಹತ್ತಿರ 80 ಅಭಿಮನ್ಯುಗಳು, ಒಂದೇ ದಿನ, ಒಂದು ಜೊತೆ ಪಾದದ ಮೇಲೆ! ಅದಕ್ಕೇ ಇರಬೇಕು, ಮೈಯ 206 ಮೂಳೆಗಳಲ್ಲಿ 52 ಈ ಎರಡು ಪಾದಗಳಲ್ಲೇ ಇವೆ.

ಇಷ್ಟು ಹೊರುವ ಪಾದವನ್ನು ಸಕ್ಕರೆ ಕಾಯಿಲೆಯವರಲ್ಲಿ ಡಾಕ್ಟರು ಪರೀಕ್ಷೆ ಮಾಡುವುದು ಒಂದು ನೈಲಾನ್ ಎಳೆಯಿಂದ. ಹಿಡಿಕೆಯ ತುದಿಯಲ್ಲಿರುವ ಆ ಎಳೆಯನ್ನು ಅಂಗಾಲಿಗೆ ತಾಗಿಸಿ ಒತ್ತಿದರೆ, 10 ಗ್ರಾಂ ಬಲ ಬಿದ್ದ ಕೂಡಲೇ ಅದು ಬಾಗುತ್ತದೆ. ರೋಗಿ ಕಣ್ಣು ಮುಚ್ಚಿರಬೇಕು. "ಈಗ ಮುಟ್ಟಿದ್ದು ಗೊತ್ತಾಯ್ತಾ ಅಮ್ಮಾ?" "ಹ್ಞೂಂ." ಎಳೆ ಹೆಬ್ಬೆರಳ ಬುಡಕ್ಕೆ ಹೋಗಿ ಬಾಗುತ್ತದೆ. "ಈಗ?" ಉತ್ತರವಿಲ್ಲ. ಹೆಜ್ಜೆಗೆ 72 ಕಿಲೋ ಹೊರುವ ಪಾದ, ಅದರ 7,200ನೇ ಒಂದು ಭಾಗ ತಿಳಿಯದೆ ಹೋದರೆ ಅಪಾಯದ ಪಟ್ಟಿಗೆ ಸೇರಿತು.

ಪಾದಕ್ಕೆ ಮುಟ್ಟಿದ್ದನ್ನು ತಿಳಿಸಲು ಸೊಂಟದ ಹತ್ತಿರ ಕೂತ ಒಂದು ನರಕೋಶ, ಮಿಲಿಮೀಟರಿನ ಹತ್ತನೇ ಒಂದು ಭಾಗವೂ ಇರದ ಕಣ, ತನ್ನ ಎಳೆಯನ್ನು ಹೆಬ್ಬೆರಳ ತನಕ ಸುಮಾರು ಒಂದು ಮೀಟರ್ ಚಾಚಿರುತ್ತದೆ. ತನ್ನ ಗಾತ್ರದ ಹತ್ತು ಸಾವಿರ ಪಟ್ಟು ಉದ್ದ. ವರ್ಷಗಟ್ಟಲೆ ಶುಗರ್ ಏರಿಕೊಂಡೇ ಇದ್ದರೆ ಮೊದಲು ಸೋಲುವುದು ಈ ಉದ್ದದ ನರಗಳೇ. "ಹತ್ತಿ ಮೇಲೆ ನಡದಂಗಾಯ್ತದೆ", "ಚಪ್ಪಲಿ ಕಳಚಿ ಹೋದ್ದೇ ಗೊತ್ತಾಗಾಕಿಲ್ಲ" ಅನ್ನುವುದು ಆಗ. ಮುಳ್ಳು ಚುಚ್ಚಿದರೂ, ಹೊಗೆಸೊಪ್ಪು ಒಣಗಿಸುವ ಬ್ಯಾರನ್ ಒಲೆಯ ಕೆಂಡ ತಾಗಿದರೂ ಕಾಲು ದೂರು ಹೇಳುವುದಿಲ್ಲ. ನೋವಿಲ್ಲವಲ್ಲ ಅಂತ ಮನೆಯವರೂ ಸುಮ್ಮನಾಗುತ್ತಾರೆ. ಭಯಪಡಬೇಕಾದ ಮಾತೇ ಅದು.

ಐಸಿಎಂಆರ್ ನಡೆಸಿದ, 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಸಕ್ಕರೆ ಕಾಯಿಲೆಯವರು 10.1 ಕೋಟಿ, ಅದರ ಹೊಸ್ತಿಲಲ್ಲಿ ನಿಂತವರು ಇನ್ನೂ 13.6 ಕೋಟಿ. ಸಕ್ಕರೆ ಕಾಯಿಲೆಯವರಿಗೆ ಪಾದದಲ್ಲಿ ಹುಣ್ಣಾಗುವ ಸಂಭವ ಜೀವಮಾನದಲ್ಲಿ 19ರಿಂದ 34 ಪ್ರತಿಶತ ಅಂತ ತಜ್ಞರ ಅಂದಾಜು. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 1.86 ಕೋಟಿ ಜನಕ್ಕೆ ಇಂಥ ಹುಣ್ಣಾಗುತ್ತದೆ. ಭಾಗಿಸಿ ನೋಡಿ, ನಿಮಿಷಕ್ಕೆ 35. ಹುಣಸೂರಿನಲ್ಲಿ ಬಸ್ಸು ಹತ್ತಿ ಒಂದು ಗಂಟೆಯಲ್ಲಿ ಮೈಸೂರಿನಲ್ಲಿ ಇಳಿಯುವಷ್ಟರಲ್ಲಿ 2,100 ಹೊಸ ಹುಣ್ಣುಗಳು.

ಪಾದದ ಈ ಮೌನವನ್ನು ಮೊದಲು ಸರಿಯಾಗಿ ಅರ್ಥ ಮಾಡಿಕೊಂಡದ್ದು ಸಕ್ಕರೆ ಕಾಯಿಲೆಯವರಲ್ಲಿ ಅಲ್ಲ, ಕುಷ್ಠರೋಗಿಗಳಲ್ಲಿ. 1946ರಲ್ಲಿ ವೆಲ್ಲೂರಿಗೆ ಬಂದ ಪಾಲ್ ಬ್ರಾಂಡ್ ಎಂಬ ಶಸ್ತ್ರವೈದ್ಯರು, ಬೆರಳುಗಳು ತಾವಾಗಿ ಕೊಳೆತು ಉದುರುವುದಿಲ್ಲ, ತಿಳಿಯದೆ ಆದ ಗಾಯದಿಂದ ಸವೆದು ಹೋಗುತ್ತವೆ ಅಂತ ತೋರಿಸಿಕೊಟ್ಟರು. ಮೆತ್ತನೆ ರಬ್ಬರಿನ ಎಂಸಿಆರ್ ಚಪ್ಪಲಿ ಆ ತಿಳಿವಳಿಕೆಯ ಫಲ. ಇವತ್ತು ಶುಗರ್ ಇರುವವರಿಗೆ ಡಾಕ್ಟರು ಬರೆದುಕೊಡುವುದೂ ಅದನ್ನೇ.

ಹುಣ್ಣು ಮಾಯಿತು ಅಂದರೆ ಮುಗಿಯಿತೇ? ಇಲ್ಲ. ಮಾಯ್ದವರಲ್ಲಿ ನೂರಕ್ಕೆ 40 ಜನಕ್ಕೆ ಒಂದೇ ವರ್ಷದಲ್ಲಿ, 65 ಜನಕ್ಕೆ ಐದು ವರ್ಷದೊಳಗೆ ಮತ್ತೆ ಆಗುತ್ತದೆ. ಹಾಗಾಗಿ ಈಚಿನ ಸಂಶೋಧನೆಯ ಒಂದು ಭಾಗ ಮರುಕಳಿಸದಂತೆ ತಡೆಯುವುದರ ಸುತ್ತ. ಎರಡು ಪಾದಗಳ ಒಂದೇ ಜಾಗದ ಬಿಸಿ ದಿನಾ ಅಳೆದು, 2.2 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಓಡಾಟ ಕಮ್ಮಿ ಮಾಡಿ ಡಾಕ್ಟರ ಹತ್ತಿರ ಹೋಗುವುದು ಒಂದು ಉಪಾಯ. ಚರ್ಮ ಒಡೆಯುವ ಮೊದಲೇ ಒಳಗಿನ ಉರಿಯೂತ ಬಿಸಿಯಾಗಿ ಹೊರಗೆ ಕಾಣುತ್ತದೆ.

ಇನ್ನೊಂದು ಉಪಾಯ ನಮ್ಮ ಬೆಂಗಳೂರಿನದೇ. ಭಾರತೀಯ ವಿಜ್ಞಾನ ಸಂಸ್ಥೆಯ ಮೆಕ್ಯಾನಿಕಲ್ ವಿಭಾಗ ಮತ್ತು ಕರ್ನಾಟಕ ಎಂಡೋಕ್ರೈನಾಲಜಿ ಸಂಶೋಧನಾ ಸಂಸ್ಥೆ ಸೇರಿ 2022ರಲ್ಲಿ ಒಂದು ಪಾದರಕ್ಷೆಯ ವಿವರ ಪ್ರಕಟಿಸಿದವು. ಅದರ ಅಟ್ಟೆಯೊಳಗೆ 3ಡಿ ಪ್ರಿಂಟಿಂಗ್‌ನಲ್ಲಿ ಮಾಡಿದ ಪುಟ್ಟ ಪುಟ್ಟ ಕಮಾನುಗಳಿವೆ. ಒಂದು ಜಾಗದಲ್ಲಿ ಒತ್ತಡ ಮಿತಿ ಮೀರಿತೋ, ಅಲ್ಲಿನ ಕಮಾನು ಟಕ್ಕನೆ ಕೆಳಕ್ಕೆ ಮಗುಚಿ ಆ ಜಾಗದ ಭಾರ ಇಳಿಸುತ್ತದೆ. ಕಾಲೆತ್ತಿದರೆ ಮತ್ತೆ ಮೊದಲಿನಂತೆ. ಬ್ಯಾಟರಿ ಬೇಡ, ಸೆನ್ಸರ್ ಬೇಡ. ಪಾದ ಹೇಳಲಾರದ್ದನ್ನು ಅಟ್ಟೆಯೇ ತಿಳಿದುಕೊಳ್ಳುತ್ತದೆ. ತೂಕ, ಪಾದದ ಅಳತೆ, ನಡಿಗೆಯ ವೇಗ ನೋಡಿ ಒಬ್ಬೊಬ್ಬರಿಗೂ ಬೇರೆ ಬೇರೆ ಮಾಡಬೇಕು. ಗದ್ದೆಯ ಕೆಸರಿಗೆ ಇಳಿಯುವಾಗ, ಮಧ್ಯಾಹ್ನದ ಬಿಸಿಲಿಗೆ ಕಾದ ದೇವಸ್ಥಾನದ ಕಲ್ಲುಚಪ್ಪಡಿ ತುಳಿಯುವಾಗ ಮಾತ್ರ ಅದನ್ನೂ ಕಳಚಿ ಆಚೆ ಇಡಬೇಕಾಗುತ್ತದೆ.