ರೈಲಿಲ್ಲದ ಸೀಮೆಯ ಲಾರಿ ಡ್ರೈವರು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ಸೇರಿದರೆ ಶಿಕ್ಷಣ ಇಲಾಖೆಗೆ ಅದು ಮಧುಗಿರಿ ಶೈಕ್ಷಣಿಕ ಜಿಲ್ಲೆ. ಅದಕ್ಕಿಂತ ಬಹಳ ಮೊದಲೇ ಈ ತಾಲ್ಲೂಕುಗಳನ್ನು ಒಂದು ಮಾಡಿದ್ದು ಎರಡು ಕೊರತೆಗಳು. ನಂಬಿಕೆಯ ಮಳೆ ಇಲ್ಲ, ರೈಲು ಇಲ್ಲ. ಸ್ವಾತಂತ್ರ್ಯ ಬಂದು ಅರವತ್ತು ವರ್ಷ ಕಳೆದಾಗಲೂ ಈ ನಾಲ್ಕು ತಾಲ್ಲೂಕು ಕೇಂದ್ರಗಳಲ್ಲಿ ಒಂದಕ್ಕೂ ರೈಲು ನಿಲ್ದಾಣವಿರಲಿಲ್ಲ. ಕೊರಟಗೆರೆ, ಮಧುಗಿರಿ, ಪಾವಗಡದ ಮೇಲೆ ಹಾಯುವ ತುಮಕೂರು–ರಾಯದುರ್ಗ ಮಾರ್ಗ ಮಂಜೂರಾದದ್ದು 2007–08ರಲ್ಲಿ. ಅದರ ಕೆಲಸ ವರ್ಷಗಟ್ಟಲೆ ಎಳೆಯುತ್ತಲೇ ಬಂತು. ಹಾಗಾಗಿ ಇಲ್ಲಿ ಬೆಳೆದದ್ದು ಹೊರಗೆ ಹೋಗಲಿಕ್ಕೂ, ಹೊರಗಿನ ಗೊಬ್ಬರ, ಸಿಮೆಂಟು, ಕಬ್ಬಿಣ ಒಳಗೆ ಬರಲಿಕ್ಕೂ ಲಾರಿಯೇ ಗತಿ. ಪಾವಗಡದ ಕಡಲೆಕಾಯಿ ಚಳ್ಳಕೆರೆಯ ಎಣ್ಣೆ ಮಿಲ್ಲು ಸೇರಿದ್ದು ಲಾರಿಯಲ್ಲಿ. ಇಲ್ಲಿನ ಹುಣಸೆಹಣ್ಣು ಮಂಡಿಗೆ ಹೋದದ್ದು ಲಾರಿಯಲ್ಲಿ. 2018ರಲ್ಲಿ ತಿರುಮಣಿಯಲ್ಲಿ ಉದ್ಘಾಟನೆಯಾದ ಸೋಲಾರ್ ಪಾರ್ಕಿನ ಸುಮಾರು 13,000 ಎಕರೆ ಬಯಲಿಗೆ ಪ್ಯಾನೆಲ್ಲುಗಳು ಬಂದಿಳಿದದ್ದೂ ಲಾರಿಯಲ್ಲೇ.

ಇಷ್ಟೆಲ್ಲ ಹೊತ್ತು ತಂದವರ ಬಗ್ಗೆ ನಮ್ಮಲ್ಲಿ ಬರವಣಿಗೆ ಬಹಳ ಕಡಿಮೆ. ನೇಕಾರನ ಮಗ್ಗ, ಕುಂಬಾರನ ತಿಗರಿ ಪರಿಚಯಿಸುವ ನಾವು ಡ್ರೈವರಿಕೆಯನ್ನು ಕಸುಬೆಂದು ಎಣಿಸುವುದೇ ಇಲ್ಲ. ನನ್ನ ಸೋದರಮಾವ ಬಡವನಹಳ್ಳಿ ಕಡೆಯವರು. ಆಯಸ್ಸಿನ ಬಹುಪಾಲನ್ನು ಲಾರಿಯಲ್ಲೇ ಕಳೆದು ತೀರಿಕೊಂಡರು. ಅವರನ್ನು ನೆನೆಯುತ್ತಲೇ ಆ ಕಸುಬನ್ನು ಪರಿಚಯಿಸಬೇಕು ಅನ್ನಿಸಿದೆ.

ಮಳೆ ಎರಡು ವರ್ಷ ಸತತವಾಗಿ ಕೈಕೊಟ್ಟರೆ ಮನೆಯ ಗಂಡುಹುಡುಗರಲ್ಲಿ ಒಬ್ಬ ಲಾರಿಗೆ ಕ್ಲೀನರ್ ಆಗಿ ಹತ್ತುವುದು ಈ ಸೀಮೆಯಲ್ಲಿ ವಾಡಿಕೆ. ಮಾವ ಹತ್ತಿದ್ದೂ ಹಾಗೆಯೇ. ಕ್ಲೀನರಿಕೆ ಎಂದರೆ ಗಾಡಿ ತೊಳೆಯುವುದಷ್ಟೇ ಅಲ್ಲ, ಡ್ರೈವರಿಕೆಯ ಪಾಠಶಾಲೆ ಅದೇ. ಗಾಡಿ ರಿವರ್ಸ್ ಬರುವಾಗ ಹಿಂದೆ ನಿಂತು ಬಾಡಿ ತಟ್ಟುತ್ತ ‘ಬರ್ಲಿ, ಬರ್ಲಿ, ಲೆಫ್ಟ್ ಒಡಿ’ ಎನ್ನುವಲ್ಲಿಂದ ಕಲಿಕೆ ಶುರು. ಕಬ್ಬಿಣದ ರಾಡಿನಿಂದ ಟೈರಿಗೆ ಹೊಡೆದು ಸದ್ದು ಕೇಳಿಯೇ ಯಾವುದರಲ್ಲಿ ಗಾಳಿ ಕಡಿಮೆ ಎಂದು ಹೇಳಬೇಕು. ಜೋಡಿ ಟೈರುಗಳ ನಡುವೆ ಕಲ್ಲು ಸಿಕ್ಕಿದೆಯಾ ನೋಡಬೇಕು. ಟಾರ್ಪಾಲು ಹೊದಿಸುವಾಗ ಮುಂದಿನ ಅಂಚು ಹಿಂದಿನದರ ಮೇಲೆ ಬರಬೇಕು, ಇಲ್ಲದಿದ್ದರೆ ಓಡುವ ಗಾಡಿಗೆ ಎದುರಾಗುವ ಮಳೆ ಸೀದಾ ಸರಕಿನೊಳಗೆ ನುಗ್ಗುತ್ತದೆ. ಹಗ್ಗ ಎಳೆದು ಕಟ್ಟಿದ ಮೇಲೂ ಒಂದಷ್ಟು ದೂರ ಹೋಗಿ ನಿಲ್ಲಿಸಿ ಮತ್ತೆ ಬಿಗಿಯಬೇಕು, ಯಾಕೆಂದರೆ ಅಲುಗಾಟಕ್ಕೆ ಸರಕು ಕೂತು ಹಗ್ಗ ಸಡಿಲವಾಗಿರುತ್ತದೆ.

ಲೋಡಿನ ಗುಣ ತಿಳಿಯುವುದು ಅದರ ಮುಂದಿನ ಪಾಠ. ಕಡಲೆಕಾಯಿ ಮೂಟೆಗೆ ತೂಕ ಕಡಿಮೆ, ಎತ್ತರ ಜಾಸ್ತಿ. ತಿರುವಿನಲ್ಲಿ ಗಾಡಿ ವಾಲುತ್ತದೆ. ಕಬ್ಬಿಣದ್ದು ತಗ್ಗಿನ ಲೋಡು, ವಾಲುವುದಿಲ್ಲ, ಆದರೆ ಬ್ರೇಕ್ ಹೊಡೆದರೆ ಕ್ಯಾಬಿನ್ನಿಗೇ ನುಗ್ಗೀತು. ಟೊಮೆಟೊ ಹೇರಿದರೆ ನಿದ್ದೆಯ ಮಾತೇ ಇಲ್ಲ. ಶಿರಾದಿಂದ ಮುಂಬಯಿಯ ವಾಶಿ ಮಾರುಕಟ್ಟೆಗೆ ಹೋಗುವ ದಾರಿಯಲ್ಲಿ ಹಿರಿಯೂರು, ಚಿತ್ರದುರ್ಗ, ದಾವಣಗೆರೆ ದಾಟುವವರೆಗೆ ನೆಲ ಹೆಚ್ಚು ಕಾಡುವುದಿಲ್ಲ. ನಿಪ್ಪಾಣಿ ಬಳಿಯ ತವಂದಿ ಘಾಟು, ಸಾತಾರಾ ದಾಟಿದ ಮೇಲೆ ಖಂಬಾಟ್ಕಿ, ಕಡೆಗೆ ಖಂಡಾಲ, ಇಲ್ಲಿ ಡ್ರೈವರು ಗೊತ್ತಾಗುತ್ತಾನೆ. ಘಾಟು ಹತ್ತಿದ ಗೇರಿನಲ್ಲೇ ಇಳಿಯಬೇಕು, ಗಾಡಿಯನ್ನು ಎಂಜಿನ್ನೇ ಹಿಡಿದಿರಬೇಕು ಎಂಬುದು ಹಳಬರ ಪಾಠ. ಬ್ರೇಕನ್ನೇ ನೆಚ್ಚಿ ಇಳಿದವನ ಡ್ರಮ್ಮು ಕಾದು, ಬೇಕಾದ ಹೊತ್ತಿಗೆ ಅದು ಹಿಡಿಯುವುದೇ ಇಲ್ಲ.

ಮಾವನಿಗೆ ಒಂದು ಹಟವಿತ್ತು. ರಾತ್ರಿ ಎರಡರಿಂದ ನಾಲ್ಕರವರೆಗೆ ಗಾಡಿ ಓಡಿಸುತ್ತಿರಲಿಲ್ಲ. ಪೆಟ್ರೋಲ್ ಬಂಕಿನ ಪಕ್ಕಕ್ಕೆ ಹಾಕಿ ಸ್ಟೀರಿಂಗ್ ಹಿಂದಿನ ಹಲಗೆಯ ಮೇಲೆ ಮಲಗಿಬಿಡುವರು. ಈ ಹಟಕ್ಕೆ ಬೆಲೆ ಕಟ್ಟಬೇಕಾಗಿತ್ತು. ಹೊತ್ತಿಗೆ ಮುಂಚೆ ತಲುಪಿಸಿದರೆ ಸಿಗುವ ಹೆಚ್ಚಿನ ಬತ್ತಾ ಅವರಿಗೆ ಸಿಗುತ್ತಿರಲಿಲ್ಲ, ಅವಸರದ ಲೋಡುಗಳು ಬೇರೆಯವರ ಪಾಲಾಗುತ್ತಿದ್ದವು. ಕೇಳಿದರೆ, ‘ಮನೇಲಿ ಮೂರು ಹುಡುಗ್ರವ್ರಪ್ಪ’ ಎನ್ನುವರು, ಅಷ್ಟೇ. 2022ರ ಆಗಸ್ಟ್ 25ರ ಬೆಳಗಿನ ಜಾವ ಶಿರಾ ತಾಲ್ಲೂಕಿನ ಕಳ್ಳಂಬೆಳ್ಳದ ಬಳಿ ಲಾರಿ ಮತ್ತು ಕ್ರೂಸರ್ ಡಿಕ್ಕಿಯಾಗಿ, ರಾಯಚೂರು ಕಡೆಯಿಂದ ಬೆಂಗಳೂರಿಗೆ ಕೂಲಿಗೆ ಹೊರಟಿದ್ದ ಒಂಬತ್ತು ಜನ ಸತ್ತರು. ಆ ಸುದ್ದಿ ಓದಿದ ದಿನ ನನಗೆ ಮೊದಲು ನೆನಪಾದದ್ದು ಮಾವನ ಈ ಮಾತು. ಸಂಸಾರದ ಮೇಲಿನ ಅವರ ಪ್ರೀತಿ ಮತ್ತು ಅವರ ಡ್ರೈವರಿಕೆ ಬೇರೆಬೇರೆ ಆಗಿರಲಿಲ್ಲ. ಅವರು ನಿಧಾನವಾಗಿ ಓಡಿಸಿದ್ದೇ ಆ ಪ್ರೀತಿಯಿಂದ.

ಕಾನೂನು ಏನನ್ನುತ್ತದೆ? ಮೋಟಾರು ಸಾರಿಗೆ ಕಾರ್ಮಿಕರಿಗೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂಬ ಮಿತಿ 1961ರಷ್ಟು ಹಿಂದೆಯೇ ಬಂತು. ದೂರದ ಲೋಡಿನವರಲ್ಲಿ ಅದನ್ನು ಕಂಡವರು ಯಾರು? ಜಿಎಸ್‌ಟಿ ಬಂದ 2017ರ ಜುಲೈನಿಂದ ಗಡಿಯ ತೆರಿಗೆ ಚೆಕ್‌ಪೋಸ್ಟುಗಳಲ್ಲಿ ಕಾಯುವುದು ತಪ್ಪಿತು, ನಿಜ. ಅದು ದೊಡ್ಡ ಉಪಕಾರವೇ. ಆದರೆ ಆ ಕಾಯುವಿಕೆಯಲ್ಲೇ ಡ್ರೈವರಿಗೆ ಒಂದು ನಿದ್ದೆ ಸಿಗುತ್ತಿತ್ತು. ಈಗ ಇ-ವೇ ಬಿಲ್ಲಿಗೆ 200 ಕಿಲೋಮೀಟರಿಗೆ ಒಂದು ದಿನದ ಅವಧಿ, ಓನರಿನ ಮೊಬೈಲಿನಲ್ಲಿ ಜಿಪಿಎಸ್, ಎಲ್ಲಿ ನಿಂತರೂ ಫೋನು.

ಊಟದ ವಿಷಯಕ್ಕೆ ಬಂದರೆ, ಕೊಲ್ಹಾಪುರ ದಾಟಿದ ಮೇಲೆ ಮುದ್ದೆ ಸಿಗುವುದಿಲ್ಲ. ಅತ್ತೆ ಪ್ರತಿ ಸಲವೂ ರಾಗಿಹಿಟ್ಟು, ಸಾರಿನ ಪುಡಿ, ಹುಣಸೆಹಣ್ಣು, ಹುರುಳಿಕಾಳು ಕಟ್ಟಿ ಕ್ಯಾಬಿನ್ನಿಗೆ ಇಡುವರು, ಪಂಪ್ ಸ್ಟೌ ಅಲ್ಲೇ ಇರುತ್ತಿತ್ತು. ಬರುವಾಗ ಬೆಳಗಾವಿಯ ಕುಂದಾ, ಧಾರವಾಡದ ಪೇಡಾ ಬರುತ್ತಿದ್ದವು. ಮಕ್ಕಳಿಗೆ ಭೂಗೋಳ ತಿಳಿದದ್ದು ಆ ಪೊಟ್ಟಣಗಳಿಂದಲೇ. ಮಧುಗಿರಿಯ ದಂಡಿನ ಮಾರಮ್ಮನ ಜಾತ್ರೆಗೆ, ಆಯುಧಪೂಜೆಗೆ ಮಾವ ಊರಲ್ಲಿರಲೇಬೇಕು. ಶ್ರಾವಣದ ಒಂದು ಶನಿವಾರ ಎಲ್ಲರನ್ನೂ ಕರೆದುಕೊಂಡು ಪಾವಗಡದ ಶನಿಮಹಾತ್ಮನಿಗೆ ಹೋಗಲೇಬೇಕು. ಉಳಿದಂತೆ ಮಕ್ಕಳು ಹುಟ್ಟಿದಾಗ, ಜ್ವರ ಬಂದಾಗ, ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ಅವರು ಯಾವುದೋ ಊರಿನ ಎಸ್‌ಟಿಡಿ ಬೂತಿನಲ್ಲಿ. ಊರಲ್ಲಿದ್ದ ಒಂದೇ ಫೋನು ಅಂಗಡಿಯವರದು. ಕರೆ ಬಂದರೆ ಹುಡುಗನೊಬ್ಬ ಓಡಿಬಂದು ಅತ್ತೆಯನ್ನು ಕರೆಯಬೇಕು.

ಆ ಫೋನಿನಲ್ಲಿ ಸಂಸಾರದ ಮಾತು ಸ್ವಲ್ಪ, ಲೆಕ್ಕ ಬಹಳ. ಡೀಸೆಲ್ ಎಷ್ಟು, ಟೋಲ್ ಎಷ್ಟು, ಹಮಾಲಿ ಎಷ್ಟು, ಪಂಚರಿಗೆ ಎಷ್ಟು ಎಂದು ಮಾವ ಹೇಳುವುದು, ಅತ್ತೆ ಮಕ್ಕಳ ಹಳೆಯ ನೋಟ್‌ಬುಕ್ಕಿನ ಖಾಲಿ ಹಾಳೆಗಳಲ್ಲಿ ಬರೆದುಕೊಳ್ಳುವುದು. ಅತ್ತೆ ಏಳನೆಯ ಕ್ಲಾಸಿನವರೆಗೆ ಓದಿದ್ದರು, ಮಾವ ಅಷ್ಟೂ ಇಲ್ಲ. ಹಸು, ಹೊಲ, ಸಂಘದ ಸಾಲ, ಮಗಳನ್ನು ಕಾಲೇಜಿಗೆ ಕಳಿಸುವ ತೀರ್ಮಾನ, ಎಲ್ಲ ಅತ್ತೆಯದೇ. ದೂರದ ಲಾರಿ ಓಡಿಸುವುದು ಒಬ್ಬ ಗಂಡಸಿನ ಕೆಲಸ ಎಂದುಕೊಳ್ಳುತ್ತೇವೆ. ನಾನು ಕಂಡಂತೆ ಅದರ ಅರ್ಧ ಮನೆಯಲ್ಲೇ ನಡೆಯುತ್ತದೆ. ಆ ಅರ್ಧಕ್ಕೆ ಬತ್ತಾ ಇಲ್ಲ.

ಈಗ ಕ್ಲೀನರುಗಳು ಮಾಯವಾಗುತ್ತಿದ್ದಾರೆ. ಬಾಡಿಗೆ ಗಿಟ್ಟುವುದಿಲ್ಲವೆಂದು ಓನರುಗಳು ಒಬ್ಬನೇ ಡ್ರೈವರನ್ನು ಕಳಿಸುತ್ತಾರೆ. ಗಾಡಿಯ ಹತ್ತು ಚಕ್ರ ಹದಿನಾಲ್ಕು, ಹದಿನಾರು ಆದವು, ಕ್ಯಾಬಿನ್ನಿನಲ್ಲಿ ಇದ್ದ ಇಬ್ಬರು ಒಬ್ಬರಾದರು. ಹೊಸದಾಗಿ ತಯಾರಾಗುವ ಲಾರಿಗಳ ಕ್ಯಾಬಿನ್ನಿಗೆ 2025ರಲ್ಲಿ ಎಸಿ ಕಡ್ಡಾಯವಾಯಿತು. ಬಹಳ ಒಳ್ಳೆಯದು. ಎಂಜಿನ್ನಿನ ಕಾವಿನಲ್ಲಿ ಬೆಂದವರಿಗೆ ಮಾತ್ರ ಗೊತ್ತು ಅದರ ಬೆಲೆ. ಆದರೆ ಟೈರಿನ ಸದ್ದು ತಿಳಿಯುವುದನ್ನು, ಘಾಟು ಇಳಿಯುವುದನ್ನು ಮುಂದಿನವನಿಗೆ ಯಾರು ಹೇಳಿಕೊಡಬೇಕು? ಸರ್ಕಾರದ ಯೋಜನೆಯಲ್ಲಿ ಅಪಘಾತದಲ್ಲಿ ಸತ್ತ ವಾಣಿಜ್ಯ ವಾಹನ ಚಾಲಕನ ಕುಟುಂಬಕ್ಕೆ 5 ಲಕ್ಷ ರೂಪಾಯಿ ಪರಿಹಾರವಿದೆ. ಆದರೆ ಅಪಘಾತವಿಲ್ಲದೆ, ಕೂತು ಕೂತು ಬಂದ ಸೊಂಟನೋವು, ಸಕ್ಕರೆ ಕಾಯಿಲೆಯಲ್ಲಿ ನರಳಿ ಮನೆಯಲ್ಲೇ ಸಾಯುವವರೂ ಇದ್ದಾರೆ. ಮಾವ ತೀರಿಕೊಂಡದ್ದೂ ಹಾಗೆಯೇ.

ತಿಥಿಯ ದಿನ ಅವರ ಕೈಕೆಳಗೆ ಕ್ಲೀನರಾಗಿ ಕಲಿತು ಡ್ರೈವರಾದವರೆಲ್ಲ ಬಂದಿದ್ದರು. ಓನರೂ ಬಂದರು. ಊಟವಾದ ಮೇಲೆ ಜೇಬಿನಿಂದ ಚೀಟಿ ತೆಗೆದು, ಕೊನೆಯ ಟ್ರಿಪ್ಪುಗಳ ಬಾಕಿ ಇಷ್ಟಾಗುತ್ತದೆ ಎಂದು ಓದಿದರು. ಅತ್ತೆ ಒಳಗೆ ಹೋಗಿ ನೋಟ್‌ಬುಕ್ ತಂದು ಅವರ ಮುಂದಿಟ್ಟು, ‘ಅಣ್ಣ, ಹಿರಿಯೂರಿನ ಎರಡು ಹಾಲ್ಟಿನ ಬತ್ತಾ ನೀವು ಬಿಟ್ಟಿದೀರ, ನೋಡಿ’ ಎಂದರು. ಓನರು ಹಾಳೆ ತಿರುಗಿಸಿ ನೋಡಿದರು, ಒಪ್ಪಿದರು, ಅಲ್ಲೇ ಎಣಿಸಿ ಕೊಟ್ಟರು. ಅತ್ತೆ ತಾರೀಖು ಹಾಕಿ ಬರೆದುಕೊಂಡರು.